ಅಮ್ಮ ಕುಡಿಯದ ನೀರು

ನನ್ನ ಬಳಿಗೆ ಈಗ ಕಾಲೇಜು ಹುಡುಗಿಯರು ಬರುತ್ತಾರೆ. ಎದೆಗೆ ಅವುಚಿಕೊಂಡ ಫೈಲು, ಇಸ್ತ್ರಿ ಮಾಡಿದ ಚೂಡಿದಾರ್, ಮುಖದಲ್ಲಿ ಅರ್ಧ ಭಯ ಅರ್ಧ ಸಿಟ್ಟು. ‘ಅಕ್ಕಾ, ಇಂಟರ್ನ್‌ಶಿಪ್ ಕಿಡೈಕ್ಕುಮಾ?’ ಎಂದು ತಮಿಳಿನಲ್ಲಿ ಕೇಳುತ್ತಾರೆ, ಸಿಗುತ್ತದಾ ಎಂದು. ಸೇಲಂನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಊಟ, ಪಥ್ಯ ನೋಡಿಕೊಳ್ಳುವ ಕೆಲಸ ನನ್ನದು. ಬಂದವರಲ್ಲಿ ಎಷ್ಟು ಜನರನ್ನು ಸೇರಿಸಿಕೊಳ್ಳಲು ಸಾಧ್ಯವೋ ಅಷ್ಟು ಜನರನ್ನು ಸೇರಿಸಿಕೊಳ್ಳುತ್ತೇನೆ. ಯಾರು ಹೇಳಿ ಬಂದಿರಿ ಎಂದು ಮಾತ್ರ ಕೇಳುವುದಿಲ್ಲ. ಆ ಪ್ರಶ್ನೆಯ ಮೇಲೆ ನನಗೆ ಇರುವಷ್ಟು ಕೋಪ ಬೇರೆ ಯಾವುದರ ಮೇಲೂ ಇಲ್ಲ.

ನಾನೂ ಹಾಗೇ ಫೈಲು ಹಿಡಿದು ಅಲೆದವಳು. ನಮ್ಮದು ಸೇಲಂನ ನೇಕಾರರ ಬೀದಿ. ಮನೆಯಲ್ಲಿ ಮಾತು ಕನ್ನಡ, ಶಾಲೆಯಲ್ಲಿ ಓದು ತಮಿಳು. ಕನ್ನಡ ಅಕ್ಷರವನ್ನು ನಾನು ಕಲಿತದ್ದು ಬಹಳ ಆಮೇಲೆ, ಹಟಕ್ಕೆ ಬಿದ್ದು. ಅಪ್ಪ ಅಮ್ಮ ಇಬ್ಬರೂ ಬಿಳಿ ರೇಷ್ಮೆ ಪಂಚೆ ನೇಯುತ್ತಿದ್ದರು. ಕಾಲೇಜಿನಲ್ಲಿ ನಾನು ತೆಗೆದುಕೊಂಡದ್ದು ಆಹಾರ ಮತ್ತು ಪಥ್ಯದ ಓದು. ‘ಅಡಿಗೆ ಕಲಿಯೋಕೆ ಕಾಲೇಜು ಯಾಕಮ್ಮ?’ ಎಂದು ಬೀದಿಯ ಹೆಂಗಸರು ಕೇಳಿ ನಕ್ಕಿದ್ದರು. ಕೊನೆಯ ವರ್ಷದಲ್ಲಿ ಒಂದು ತಿಂಗಳು ಯಾವುದಾದರೂ ಆಸ್ಪತ್ರೆಯಲ್ಲಿದ್ದು ಕೆಲಸ ಕಲಿತು ಬರಬೇಕೆಂದು ನಿಯಮ. ಯಾವ ಆಸ್ಪತ್ರೆ ಎಂದು ಕಾಲೇಜು ಹೇಳುವುದಿಲ್ಲ, ಹುಡುಕಿಕೊಳ್ಳಬೇಕಾದವರು ನಾವೇ.

ಮೊದಲು ಮೇಲ್ ಕಳಿಸಿದೆ. ಮೇಲ್ ಕಳಿಸುವುದೂ ಬಾವಿಗೆ ಕಲ್ಲು ಹಾಕುವುದೂ ಒಂದೇ. ಕಲ್ಲಾದರೆ ಸದ್ದಾದರೂ ಕೇಳಿಸುತ್ತದೆ. ಆಮೇಲೆ ಕಾಲ್ನಡಿಗೆಯಲ್ಲಿ ಹೊರಟೆ. ದೊಡ್ಡ ಆಸ್ಪತ್ರೆಗಳ ರಿಸೆಪ್ಷನ್ನಿನಲ್ಲಿ ಕೂತ ಹುಡುಗಿ ತಲೆ ಎತ್ತದೆ ಕೇಳುತ್ತಿದ್ದಳು, ‘ಯಾರ್ ಸೊಲ್ಲಿ ವಂದೀಂಗ?’ ಯಾರೂ ಹೇಳಿ ಕಳಿಸಿಲ್ಲ, ನಾನೇ ಬಂದೆ ಎಂದರೆ ಆಕೆಗೆ ನಾನು ಬಂದೇ ಇಲ್ಲವೆಂದು ಅರ್ಥ. ನನ್ನ ತರಗತಿಯ ಕೆಲವರಿಗೆ ಮಾವ, ಚಿಕ್ಕಪ್ಪ ಎಂದು ಯಾರಾದರೂ ಇದ್ದರು, ಅವರಿಗೆ ಜಾಗ ಸಿಕ್ಕಿತು. ಇನ್ನು ಕೆಲವರು ಹೋಗದೆಯೇ ಸರ್ಟಿಫಿಕೇಟು ಕೊಡುವ ಕ್ಲಿನಿಕ್ ಹುಡುಕಿಕೊಂಡು ಮನೆಯಲ್ಲೇ ಆರಾಮಾಗಿದ್ದರು. ‘ನಿಂಗ್ಯಾಕೆ ಇಷ್ಟು ಕೊಬ್ಬು, ನೀನೂ ಅಂಗೇ ಮಾಡು’ ಎಂದು ಗೆಳತಿ ಹೇಳಿದಳು. ಕೊಬ್ಬೇ ಇರಬೇಕು. ನಮ್ಮ ಮನೆಯಲ್ಲಿ ನೇಯದ ಪಂಚೆಯನ್ನು ನೇಯ್ದೆವೆಂದು ಹೇಳಿದವರನ್ನು ನಾನು ನೋಡಿರಲಿಲ್ಲ, ಅದಕ್ಕೇ ನನ್ನಿಂದ ಆಗಲಿಲ್ಲ.

ಧರ್ಮಪುರಿಯಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ ಇದೆ, ಕಿಡ್ನಿ ರೋಗಿಗಳೇ ಜಾಸ್ತಿ, ದೂರ ಅಂತ ಯಾರೂ ಹೋಗುವುದಿಲ್ಲ ಎಂದು ನಮಗಿಂತ ಒಂದು ವರ್ಷ ಮುಂದಿದ್ದ ಹುಡುಗಿ ಹೇಳಿದಳು. ಮಾರನೇ ದಿನವೇ ಬಸ್ಸು ಹತ್ತಿದೆ. ಅಲ್ಲಿನ ಡಯಟಿಷಿಯನ್ ಮೇಡಂ ಐವತ್ತು ದಾಟಿದವರು, ಹತ್ತಿಯ ಸೀರೆ, ಕಾಲಿಗೆ ರಬ್ಬರ್ ಚಪ್ಪಲಿ. ನನ್ನ ಫೈಲನ್ನು ಮುಟ್ಟಲೂ ಇಲ್ಲ. ‘ಇಡೀ ದಿನ ನಿಂತು ಕೆಲಸ ಮಾಡ್ತೀಯಾ?’ ಎಂದು ತಮಿಳಿನಲ್ಲಿ ಕೇಳಿದರು. ಮಾಡ್ತೀನಿ ಎಂದೆ. ‘ನಾಳೈಕ್ಕು ವಾ’ ಎಂದು ಅಡಿಗೆಮನೆಯ ಕಡೆ ಹೊರಟುಹೋದರು. ನಾಳೆ ಬಾ ಎಂಬ ಆ ಎರಡು ಮಾತಿಗೆ ನಾನು ಬಸ್ ಸ್ಟ್ಯಾಂಡಿನವರೆಗೆ ಅಳುತ್ತಾ ನಡೆದೆ.

ದಿನವೂ ಬೆಳಿಗ್ಗೆ ಬೆಂಗಳೂರು ಬಸ್ಸಿಗೆ ಕಾಯುವುದು. ಕಂಡಕ್ಟರು ಬೆಂಗಳೂರಿನವರನ್ನೆಲ್ಲ ಹತ್ತಿಸಿಕೊಂಡ ಮೇಲೆ ನಮ್ಮಂಥವರನ್ನು ಕರೆಯುತ್ತಿದ್ದ, ನಿಂತುಕೊಂಡೇ ಓಮಲೂರು, ತೊಪ್ಪೂರು ಘಾಟಿ ಎಲ್ಲ ದಾಟಬೇಕು. ಮೊದಲ ವಾರ ಮೇಡಂ ನನ್ನನ್ನು ಅಡಿಗೆಮನೆಯಲ್ಲೇ ಇಟ್ಟರು. ಕಿಡ್ನಿ ಕೆಟ್ಟವರಿಗೆ ತರಕಾರಿಯನ್ನು ಹಾಗೇ ಬೇಯಿಸಿ ಕೊಡುವಂತಿಲ್ಲ. ಹೆಚ್ಚಿ, ನೆನೆಸಿ, ಕುದಿಸಿ, ಆ ನೀರನ್ನು ಚೆಲ್ಲಿ ಆಮೇಲೆ ಬೇಯಿಸಬೇಕು. ಉಪ್ಪು ಹೆಸರಿಗೆ. ಬೆಂದದ್ದನ್ನು ನಾನೇ ಮೊದಲು ತಿಂದು ನೋಡಬೇಕೆಂದು ಅವರ ಕಟ್ಟಳೆ. ‘ನೀನು ತಿನ್ನಲಾಗದ್ದನ್ನು ಅವರಿಗೆ ತಿನ್ನು ಅಂತ ಹೇಳಬೇಡ’ ಎನ್ನುತ್ತಿದ್ದರು. ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದ ಪಥ್ಯ ನಾಲಗೆಯ ಮೇಲೆ ಎಷ್ಟು ಸಪ್ಪೆ ಎಂದು ಅಲ್ಲೇ ಗೊತ್ತಾದದ್ದು.

ಎರಡನೇ ವಾರ ಡಯಾಲಿಸಿಸ್ ವಾರ್ಡಿಗೆ ಹಾಕಿದರು. ಸಾಲಾಗಿ ಮಂಚ, ಮಂಚಕ್ಕೊಂದು ಯಂತ್ರ, ಕೊಳವೆಯಲ್ಲಿ ಹೋಗಿ ಬರುವ ರಕ್ತ. ಅದಕ್ಕೆಲ್ಲ ಬೇಗ ಒಗ್ಗಿಕೊಂಡೆ. ಒಗ್ಗದೆ ಹೋದದ್ದು ಅವರ ಬಾಯಾರಿಕೆ. ಕಿಡ್ನಿ ನಿಂತವರ ಮೈಯಿಂದ ನೀರು ಹೊರಗೆ ಹೋಗುವುದಿಲ್ಲ, ಆದ್ದರಿಂದ ಒಳಗೂ ಹೋಗುವಂತಿಲ್ಲ. ಕುಡಿದದ್ದು ಕಾಲಲ್ಲಿ, ಕೊನೆಗೆ ಉಸಿರಲ್ಲಿ ಬಂದು ನಿಲ್ಲುತ್ತದೆ. ದಿನಕ್ಕೆ ಇಷ್ಟೇ ಎಂದು ಅಳೆದು ಕೊಟ್ಟದ್ದರಲ್ಲಿ ಕಾಫಿ, ಸಾರು, ಮಾತ್ರೆ ನುಂಗುವ ನೀರು ಎಲ್ಲ ಮುಗಿಯಬೇಕು. ಧರ್ಮಪುರಿಯ ಬಿಸಿಲಿನಲ್ಲಿ ದೊಡ್ಡ ದೊಡ್ಡ ಗಂಡಸರು ಒಂದು ಚೂರು ಐಸಿಗೆ ಮಕ್ಕಳ ಹಾಗೆ ಕೈ ಚಾಚುತ್ತಿದ್ದರು. ಬೇಡ ಎಂದು ಹೇಳುವ ಕೆಲಸ ನನಗೆ ಬಿದ್ದಿತ್ತು.

ಅಲ್ಲಿ ಒಬ್ಬ ಹೆಂಗಸಿದ್ದರು, ಅಮ್ಮನಿಗಿಂತ ನಾಲ್ಕಾರು ವರ್ಷ ದೊಡ್ಡವರು. ನಾನು ಊಟದ ಹೊತ್ತಿಗೆ ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, ಕಣ್ಣು ತೆರೆದು ಕರೆದರು.

‘ಏನಮ್ಮ, ನೀನು ನಮ್ಮೋರಾ? ಯಾವ ಬೀದಿ?’

ಹೇಳಿದೆ. ಮನೆತನ ಕೇಳಿದರು, ಅಮ್ಮನ ತವರು ಕೇಳಿದರು, ಕಣ್ಣು ಮುಚ್ಚಿ ಎಲ್ಲ ಜೋಡಿಸಿಕೊಂಡರು. ‘ಅಂಗಾದ್ರೆ ನಿಮ್ಮಮ್ಮಂಗೆ ನಾನು ಅಕ್ಕ ಆಗ್ಬೇಕು. ನೀನು ನನ್ನ ದೊಡ್ಡಮ್ಮ ಅನ್ನು, ಮೇಡಂ ಗೀಡಂ ಅನ್ಬೇಡ’ ಎಂದರು. ನಮ್ಮವರು ಎಲ್ಲಿ ಸೇರಿದರೂ ಮೊದಲು ಆಗುವ ಕೆಲಸ ಇದೇ. ಸಂಬಂಧ ಏನೆಂದು ತೀರ್ಮಾನವಾಗುವ ತನಕ ಮಾತು ಮುಂದೆ ಹೋಗುವುದಿಲ್ಲ. ಓಮಲೂರಿನ ಕಡೆಯ ಹಳ್ಳಿಯಿಂದ ಅವರು ಗಂಡನ ಜೊತೆ ಬಸ್ಸಿನಲ್ಲಿ ಬರುತ್ತಿದ್ದರು, ಸೇಲಂನಲ್ಲಿ ಮಂಚ ಖಾಲಿ ಇರಲಿಲ್ಲವಂತೆ. ಮದುವೆಯಾದ ವರ್ಷದಿಂದ ಕಾಯಿಲೆ ಬೀಳುವ ತನಕ ಮಗ್ಗದಲ್ಲಿ ಕೂತವರು. ಅವರು ಈಗಿಲ್ಲ, ತೀರಿಕೊಂಡು ಕೆಲವು ವರ್ಷವಾಯಿತು. ಬರೆಯುವಾಗ ಮಾತ್ರ ಅವರ ದನಿ ಪಕ್ಕದಲ್ಲೇ ಇದ್ದಂತಿರುತ್ತದೆ.

ರೋಗಿ ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಹೋದದ್ದನ್ನೆಲ್ಲ ಕೇಳಿ ತಿಳಿದುಕೊಳ್ಳುವುದು ನಮ್ಮ ಕೆಲಸದ ಮೊದಲ ಪಾಠ. ಈಗಿನದು ಬೇಡ, ಕಾಯಿಲೆಗೆ ಮುಂಚೆ ಹೇಗಿತ್ತು ಎಂದು ದೊಡ್ಡಮ್ಮನನ್ನು ಕೇಳು ಎಂದರು ಮೇಡಂ. ಕೇಳಿದೆ. ಕಾಫಿ, ರಾಗಿ ಕಳಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ನೀರು?

‘ನೀರಾ? ಊಟದ ಕೂಡೆ ಒಂದೀಟು.’

‘ಅಷ್ಟೇನಾ ದೊಡ್ಡಮ್ಮ? ನಡುವೆ?’

‘ಗುಂಡಿಗೆ ಇಳಿದ ಮೇಲೆ ನಡುವೆ ಎಲ್ಲಿಂದ ಬಂತು? ನೀನೂ ನಮ್ಮೋಳೇ, ಗೊತ್ತಿಲ್ವಾ?’ ಎಂದು ನಕ್ಕರು. ‘ಕಾಲು ನೋವು ತಾಳಕ್ಕಾಗ್ದಿದ್ರೆ ಮೆಡಿಕಲ್ಸ್‌ನಾಗೆ ಒಂದು ಮಾತ್ರೆ ಇಸ್ಕೊಳ್ಳೋದು. ಅದ್ನ ಕಾಫಿ ಕೂಡೆ ನುಂಗೋದು. ಅಂಗೇ ವರ್ಷಗಟ್ಲೆ ಓಯ್ತು.’

ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ಕೆಳಗೆ ಕಾಲಿನಿಂದ ತುಳಿಯುತ್ತಾ ಮೇಲೆ ಕೈಯಿಂದ ಲಾಳಿ ಎಸೆಯಬೇಕು. ಇದನ್ನೆಲ್ಲ ಬರೆದುಕೊಂಡು ಹೋಗಿ ಮೇಡಂಗೆ ತೋರಿಸಿದೆ. ಒಂದೇ ಕಾರಣ ಎಂದು ಹೇಳಲಾಗುವುದಿಲ್ಲ ಎಂದರು. ಆದರೆ ನೀರಿಲ್ಲದ ಮೈಗೆ ದಿನವೂ ನೋವಿನ ಮಾತ್ರೆ ಬಿದ್ದರೆ, ಕಲ್ಲು ಕಟ್ಟಿ ಅದನ್ನೂ ಯಾರೂ ನೋಡದಿದ್ದರೆ, ಕಿಡ್ನಿ ಎಷ್ಟು ದಿನ ತಡೆದೀತು? ಆಮೇಲೆ ನನ್ನ ಮುಖ ನೋಡಿ ಕೇಳಿದರು, ‘ಉಂಗ ಅಮ್ಮಾ?’

ಬಸ್ಸಿನಲ್ಲಿ ಸೇಲಂ ಬರುವ ತನಕ ಆ ಎರಡು ಶಬ್ದವೇ. ನಿಮ್ಮಮ್ಮ?

ಆ ಭಾನುವಾರ ನಾನು ಅಮ್ಮನನ್ನು ಗಮನಿಸುತ್ತಾ ಕೂತೆ. ಹುಟ್ಟಿದಾಗಿನಿಂದ ನೋಡುತ್ತಿದ್ದೆ, ಗಮನಿಸಿರಲಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಹೊರಗೆ ಹೋಗಿ ಬಂದಳು, ಕಾಫಿ ಕುಡಿದಳು, ಗುಂಡಿಗೆ ಇಳಿದಳು. ಅಪ್ಪ ನಡುನಡುವೆ ಎದ್ದು ಬೀದಿ ಬಾಗಿಲಿಗೆ ಹೋಗುತ್ತಿದ್ದ, ಯಾರ ಜೊತೆಗೋ ಮಾತಾಡುತ್ತಿದ್ದ, ಚೊಂಬು ಎತ್ತಿ ಗಟಗಟ ನೀರು ಕುಡಿಯುತ್ತಿದ್ದ. ಅಮ್ಮ ಏಳಲಿಲ್ಲ. ಊಟಕ್ಕೆ ಎದ್ದವಳು ಅನ್ನ ತಿಂದು ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿದಳು. ಗೂಡಿನಲ್ಲಿದ್ದ ಮಾತ್ರೆಯ ಪಟ್ಟಿಯಿಂದ ಒಂದನ್ನು ಒಡೆದು, ಒಂದು ಗುಟುಕಿನಲ್ಲಿ ನುಂಗಿ ಮತ್ತೆ ಇಳಿದಳು.

ಒಂದು ಲೋಟ ನೀರು ತಂದು ಮಗ್ಗದ ಪಕ್ಕ ಇಟ್ಟೆ.

‘ಏ, ತೆಗಿ ಅದ್ನ. ಬಿಳಿ ರೇಷ್ಮೆ ಮ್ಯಾಲೆ ಒಂದು ತೊಟ್ಟು ಬಿದ್ರೆ ಕಲೆ ನಿಲ್ತೈತೆ. ನೂಲು ಕೊಟ್ಟ ಮುದಲಾಳಿ ಪಂಚೆ ತಗೊಳ್ಳಲ್ಲ.’

‘ಅಂಗಾದ್ರೆ ಎದ್ದು ಬಂದು ಕುಡಿ.’

‘ದಾಹ ಆದ್ರೆ ಕುಡೀತೀನಿ, ಓಗು.’

‘ಬೆಳಿಗ್ಗೆಯಿಂದ ದಾಹ ಆಗಿಲ್ವಾ?’

ಅಮ್ಮ ಲಾಳಿ ಎಸೆದಳು. ನನಗೆ ತಾಳ್ಮೆ ಕಡಿಮೆ. ವಾರ್ಡಿನಲ್ಲಿ ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಯಂತ್ರ, ಸೂಜಿ, ಊದಿದ ಕಾಲು, ಐಸ್ ಚೂರು. ಹೆದರಿಸಿದರೆ ಕೇಳುತ್ತಾಳೆ ಎಂದುಕೊಂಡಿದ್ದೆ. ಅಮ್ಮ ಕೈ ನಿಲ್ಲಿಸದೆ ‘ಸುಮ್ನಿರೇ, ಊರಾಗಿನ ಕಾಯಿಲೆ ಎಲ್ಲ ಮನೆಗೆ ತರ್ಬ್ಯಾಡ’ ಎಂದಳು. ರಕ್ತ ಪರೀಕ್ಷೆ ಎಂದರೆ ‘ನಂಗೇನಾಗೈತೆ?’ ಅಷ್ಟೇ.

ಅಪ್ಪ ಹೊರಗೆ ಹೋದ ಮೇಲೆ ಮತ್ತೆ ಹಿಡಿದೆ. ಆಗ ಅಮ್ಮ ಲಾಳಿ ಇಟ್ಟಳು. ನನ್ನ ಕಡೆ ನೋಡಲಿಲ್ಲ, ನೇಯ್ದ ಬಟ್ಟೆಯನ್ನೇ ನೋಡುತ್ತಾ ಹೇಳಿದಳು.

‘ಕುಡಿದ್ರೆ ಓಗ್ಬೇಕಲ್ಲಮ್ಮ. ಎಲ್ಲಿಗೆ ಓಗ್ಲಿ?’

ನಮ್ಮದು ಸಾಲುಮನೆ. ಎಲ್ಲರಿಗೂ ಸೇರಿ ಕಕ್ಕಸು ಬೀದಿಯ ಕೊನೆಯಲ್ಲಿ. ಬೆಳಿಗ್ಗೆಯಾದರೆ ಬೀದಿಯಲ್ಲಿ ಹಾಸಿನ ನೂಲು ಹರವುತ್ತಾರೆ, ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ, ಎರಡೂ ಬದಿಗೆ ಗಂಡಸರು ನಿಂತು ಗಂಜಿ ಹಾಕಿ ತೀಡುತ್ತಾರೆ. ಹರವಿದ ಹಾಸನ್ನು ದಾಟುವುದಾಗಲಿ ಅದರ ಕೆಳಗೆ ನುಸುಳುವುದಾಗಲಿ ನಮ್ಮಲ್ಲಿ ಇಲ್ಲ, ಹೆಂಗಸರಂತೂ ಇಲ್ಲವೇ ಇಲ್ಲ. ಪಕ್ಕದಲ್ಲಿ ಸರಿದು ಹೋಗೋಣವೆಂದರೆ ಆ ಗಂಡಸರೆಲ್ಲ ಕೈ ನಿಲ್ಲಿಸಿ, ಸರಿದು ದಾರಿ ಬಿಡಬೇಕು. ಅದು ಮುಗಿದ ಮೇಲೂ ಅವರು ಅಲ್ಲೇ ಗೋಡೆಗೆ ಒರಗಿ ಕೂತು ಮಾತಿಗೆ ತೊಡಗುತ್ತಾರೆ. ‘ಕೈಯಾಗೆ ಬಕೆಟ್ ಇಟ್ಕೊಂಡು ಅಷ್ಟು ಜನ ಗಂಡಸ್ರ ಮುಂದೆ, ದಾರಿ ಬಿಡ್ರಪ್ಪ ಅಂತ ಕೇಳ್ಕೊಂಡು ಓಗ್ಲಾ? ನಮ್ಮತ್ತೆ ಓಗ್ಲಿಲ್ಲ, ನಾನೂ ಓಗ್ಲಿಲ್ಲ. ಬೆಳಕಾಗೋ ಮುಂಚೆ ಒಂದ್ಸಲ, ಕತ್ತಲಾದ ಮ್ಯಾಲೆ ಒಂದ್ಸಲ. ನೀನು ಕಾಲೇಜಾಗೆ ಓಗಿ ಬರ್ತೀಯ, ನಿಂಗೆ ಗೊತ್ತಾಗಲ್ಲ.’

ನನಗೆ ಗೊತ್ತಾಗಿರಲಿಲ್ಲ, ನಿಜ. ನಾನು ಹಗಲೆಲ್ಲ ಶಾಲೆಯಲ್ಲಿ, ಕಾಲೇಜಿನಲ್ಲಿ ಇದ್ದವಳು. ಅಪ್ಪನಿಗೂ ಗೊತ್ತಿರಲಿಲ್ಲ. ಸಂಜೆ ಹೇಳಿದಾಗ ಅವನ ಮುಖ ಪೆಚ್ಚಾಯಿತು. ‘ನನ್ ಕೂಡೆ ಒಂದ್ ಮಾತು ಏಳ್ಲಿಲ್ವಲ್ಲ’ ಎಂದ. ಎಂಥ ಮಾತನ್ನು, ಯಾವ ಬಾಯಿಯಿಂದ ಹೇಳುವುದು? ಒಂದೇ ಕೋಣೆಯಲ್ಲಿ, ಒಂದು ಕೈ ಅಂತರದಲ್ಲಿ ಎರಡು ಮಗ್ಗ ಹಾಕಿಕೊಂಡು ಇಬ್ಬರೂ ಬದುಕೆಲ್ಲ ನೇಯ್ದವರು. ಆ ಹೊತ್ತು ನನಗೆ ಅಪ್ಪನ ಮೇಲೂ ಬೀದಿಯ ಮೇಲೂ ಎಲ್ಲರ ಪಂಚೆಗಳ ಮೇಲೂ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇದ್ದದ್ದು ಭಯ. ದೊಡ್ಡಮ್ಮನ ಮಂಚದ ಮೇಲೆ ಅಮ್ಮ ಮಲಗಿದ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು.

ಸೋಮವಾರ ವಾರ್ಡಿನಲ್ಲಿ ದೊಡ್ಡಮ್ಮ ನನ್ನ ಮುಖ ನೋಡಿಯೇ ಏನಾಯಿತು ಎಂದು ಕೇಳಿದರು. ಹೇಳಿಕೊಂಡೆ.

‘ಪರೀಕ್ಷೆಗೆ ಬಾ ಅಂದ್ರೆ ಬರಲ್ಲ ಅವ್ಳು. ನನ್ನ ನೋಡೋಕೆ ಬಾ ಅನ್ನು. ಅಕ್ಕ ಆಸ್ಪತ್ರ್ಯಾಗೆ ಮಲ್ಗವ್ಳೆ, ಕರೀತಾವ್ಳೆ ಅಂತ ಏಳು. ಎಂಗೆ ಬರಲ್ಲ ನೋಡ್ತೀನಿ.’

ಅವರು ಹೇಳಿದ್ದು ಸರಿಯಾಗಿತ್ತು. ಸಂಬಂಧದವರು ಹಾಸಿಗೆ ಹಿಡಿದಿದ್ದಾರೆ ಎಂದು ಗೊತ್ತಾದ ಮೇಲೆ ಹೋಗಿ ನೋಡದೆ ಇರುವುದು ನಮ್ಮಲ್ಲಿ ಆಗದ ಮಾತು. ಅಮ್ಮ ಮಗ್ಗ ನಿಲ್ಲಿಸಿ, ಒಳ್ಳೆಯ ಸೀರೆ ಉಟ್ಟು, ಒಂದು ಚೀಲ ಮೂಸಂಬಿ ಹಣ್ಣು, ಎರಡು ಎಳನೀರು ಹಿಡಿದು ನನ್ನ ಜೊತೆ ಬಸ್ಸು ಹತ್ತಿದಳು. ಕಿಡ್ನಿ ರೋಗಿಗೆ ಎರಡೂ ವಿಷವೆಂದು ನಾನು ದಾರಿಯುದ್ದಕ್ಕೂ ಹೇಳಿದೆ. ‘ಬರೀ ಕೈಯಾಗೆ ಎಂಗೆ ಓಗೋದು?’ ಎಂದು ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಆಸ್ಪತ್ರೆಯಲ್ಲಿ ಮೇಡಂಗೆ ಮೊದಲೇ ಹೇಳಿಟ್ಟಿದ್ದೆ, ಅವರು ಮಾತಿಗೆ ಅವಕಾಶವೇ ಕೊಡಲಿಲ್ಲ. ಅಮ್ಮನ ಕೈ ಹಿಡಿದು ನೇರವಾಗಿ ಲ್ಯಾಬಿಗೆ ಕರೆದುಕೊಂಡು ಹೋದರು. ಅಮ್ಮನೂ ದೊಡ್ಡವರ ಮುಂದೆ ಜಗಳ ಬೇಡವೆಂದು ತೋಳು ಚಾಚಿದಳು. ಮಧ್ಯಾಹ್ನ ರಿಪೋರ್ಟು ಬಂತು. ಇನ್ನೂ ಕೈ ಮೀರಿಲ್ಲ, ಆದರೆ ಸರಿಯಾಗೂ ಇಲ್ಲ. ಮಾತ್ರೆ ಇವತ್ತಿಗೇ ನಿಲ್ಲಬೇಕು, ದಿನವಿಡೀ ನೀರು ಕುಡಿಯಬೇಕು, ಸ್ಕ್ಯಾನಿಗೆ ಮತ್ತೆ ಬರಬೇಕು. ಮೇಡಂ ತಾಳ್ಮೆಯಿಂದ ಹೇಳಿದ್ದಕ್ಕೆಲ್ಲ ಅಮ್ಮ ‘ಸರಿಂಗ, ಸರಿಂಗ’ ಎಂದು ತಲೆಯಾಡಿಸಿದಳು. ಆ ತಲೆಯಾಡಿಸುವುದನ್ನು ನಾನು ಬಲ್ಲೆ. ಮುದಲಾಳಿಯ ಮುಂದೆಯೂ ಹಾಗೇ ಆಡಿಸುತ್ತಾಳೆ, ಮನೆಗೆ ಬಂದು ತನಗೆ ತೋಚಿದ್ದನ್ನೇ ಮಾಡುತ್ತಾಳೆ. ಮನೆಯಿದ್ದಲ್ಲೇ ಮನೆ, ಬೀದಿಯಿದ್ದಲ್ಲೇ ಬೀದಿ. ಇಷ್ಟು ದಿನ ಕಲಿತದ್ದೆಲ್ಲ ನನ್ನ ಅಮ್ಮನ ಗಂಟಲೊಳಗೆ ಒಂದು ಲೋಟ ನೀರು ಇಳಿಸಲೂ ಸಾಲದು ಎನಿಸಿತು.

ಆಮೇಲೆ ದೊಡ್ಡಮ್ಮನ ಬಳಿಗೆ ಹೋದೆವು. ಸೂಜಿ ಚುಚ್ಚಿದ ಕೈಯನ್ನು ಅಲುಗಿಸದೆ ಇನ್ನೊಂದು ಕೈಯಿಂದ ಅಮ್ಮನನ್ನು ಹತ್ತಿರ ಕೂರಿಸಿಕೊಂಡರು. ಯಾರ ಮಗಳು ಯಾರಿಗೆ ಕೊಟ್ಟದ್ದು, ಯಾರ ಮಗ್ಗ ನಿಂತುಹೋಯಿತು, ಎಲ್ಲ ಮಾತಾಯಿತು. ಹಣ್ಣಿನ ಚೀಲ ನೋಡಿ ‘ನಮ್ ಯಜಮಾನ್ರು ತಿಂತಾರೆ ಬಿಡು’ ಎಂದರು. ಅಮ್ಮನ ಕಣ್ಣು ಮಾತ್ರ ಕೊಳವೆಯಲ್ಲಿ ಹರಿಯುತ್ತಿದ್ದ ರಕ್ತದಿಂದ ಕದಲಲಿಲ್ಲ. ಮಾತು ನಿಂತಾಗ ದೊಡ್ಡಮ್ಮ ನನ್ನನ್ನು ಕರೆದು ಒಂದು ಲೋಟ ತುಂಬ ನೀರು ತಾ ಎಂದರು.

‘ನಿಮಗೆ ಕೊಡೋಹಂಗಿಲ್ಲ ದೊಡ್ಡಮ್ಮ.’

‘ನಂಗಲ್ಲ. ನಿಮ್ಮಮ್ಮಂಗೆ.’

ತಂದುಕೊಟ್ಟೆ. ಅಮ್ಮ ಲೋಟ ಹಿಡಿದು, ‘ನಂಗೆ ದಾಹ ಇಲ್ಲಕ್ಕ’ ಎಂದಳು.

‘ನಂಗೈತೆ. ನೀ ಕುಡಿ, ನಾ ನೋಡ್ತೀನಿ.’

ಅಮ್ಮ ನನ್ನ ಕಡೆ ನೋಡಿದಳು. ಆಮೇಲೆ, ನಾವೆಲ್ಲ ಕುಡಿಯುವ ಹಾಗೆ, ಲೋಟವನ್ನು ತುಟಿಗೆ ತಾಗಿಸದೆ ಮೇಲೆತ್ತಿದಳು.

‘ಎತ್ತಿ ಸುರ್ಕೋಬ್ಯಾಡ. ಕಚ್ಚಿ ಕುಡಿ, ಮೆಲ್ಲಕೆ.’

ಅಮ್ಮ ಲೋಟವನ್ನು ತುಟಿಗೆ ಇಟ್ಟು ಒಂದೊಂದೇ ಗುಟುಕು ಕುಡಿದಳು. ದೊಡ್ಡಮ್ಮ ಅವಳ ಗಂಟಲನ್ನೇ ನೋಡುತ್ತಿದ್ದರು. ಅಮ್ಮ ನುಂಗಿದಾಗೆಲ್ಲ ಅವರೂ ಬರಿಗಂಟಲಲ್ಲಿ ನುಂಗುತ್ತಿದ್ದರು. ಲೋಟ ಖಾಲಿಯಾದ ಮೇಲೆ ‘ಇನ್ನೊಂದು’ ಎಂದರು. ಅದೂ ಖಾಲಿಯಾಯಿತು. ಅಮ್ಮನ ಕೆನ್ನೆ ಒದ್ದೆಯಾಗಿತ್ತು. ದೊಡ್ಡಮ್ಮ ತುಟಿ ಒರೆಸಿಕೊಂಡು, ತೃಪ್ತಿಯಾದವರ ಹಾಗೆ ದಿಂಬಿಗೆ ತಲೆ ಆನಿಸಿದರು.

ನಾವು ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆವು. ಅಮ್ಮ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಒತ್ತಿಕೊಂಡಳು, ಸೀರೆಯ ಸೆರಗು ಬಿಗಿದುಕೊಂಡಳು. ನನಗೆ ಗೊತ್ತಾಯಿತು. ಸೇಲಂ ಸೇರಿ ಕತ್ತಲಾಗುವ ತನಕ ತಡೆದುಕೊಳ್ಳುತ್ತಾಳೆ ಎಂದೂ ಗೊತ್ತಿತ್ತು. ವಾರ್ಡಿನ ಬಾಗಿಲ ಹೊರಗೆ ಓಣಿಯ ಎರಡೂ ಬದಿಗೆ ಬೆಂಚು, ಬೆಂಚಿನ ತುಂಬ ರೋಗಿಗಳ ಜೊತೆ ಬಂದ ಗಂಡಸರು. ಕಕ್ಕಸು ಆ ಓಣಿಯ ಆಚೆ ತುದಿಯಲ್ಲಿ. ನಾನು ಜೊತೆಗೆ ಬರಲೇ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಎದ್ದು ಬಾಗಿಲಿಗೆ ಹೋದಳು. ಮೊದಲ ಬೆಂಚಿನಲ್ಲಿ ದೊಡ್ಡಮ್ಮನ ಗಂಡ ಕೂತಿದ್ದರು. ನಮ್ಮಲ್ಲಿ ಅಕ್ಕನ ಗಂಡನ ಎದುರು ಹೆಂಗಸರು ನೀರು ಕೇಳುವುದಕ್ಕೂ ಹಿಂದೆಮುಂದೆ ನೋಡುತ್ತಾರೆ.

‘ಬಾವಾ, ಬಾತ್ರೂಮು ಎಲ್ಲೈತೆ?’

ಓಣಿಯ ಕೊನೆಯವರೆಗೆ ಕೇಳಿಸುವ ಹಾಗೆ ಕೇಳಿದಳು. ಅವರು ಗಡಬಡಿಸಿ ಎದ್ದು ನಿಂತು ಕೈ ತೋರಿಸಿದರು. ಎರಡೂ ಬದಿಯ ಗಂಡಸರು ಚಾಚಿದ್ದ ಕಾಲುಗಳನ್ನು ಮಡಚಿಕೊಂಡರು, ಅಮ್ಮ ನಡುವೆ ನಡೆದುಹೋದಳು.